ಹಿಮದ ಹಾಕಿಯಲ್ಲಿ ಢಿಕ್ಕಿಯ ಹೊಡೆತ ಮತ್ತು ಆಟಗಾರನ ರಕ್ಷಣೆ

ಹಾಕಿ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬಂದು ನಿಲ್ಲುವುದು ಹಸಿರು ಬಯಲು, ತುದಿ ಬಾಗಿದ ಕೋಲು, ಬಿಳಿಯ ಚೆಂಡು ಮತ್ತು ಧ್ಯಾನಚಂದರ ಹೆಸರು. ಆದರೆ ಭೂಗೋಲದ ಉತ್ತರ ಭಾಗದಲ್ಲಿ, ವರ್ಷದ ಅನೇಕ ತಿಂಗಳು ಕೆರೆಕೊಳಗಳು ಹೆಪ್ಪುಗಟ್ಟಿ ನಿಲ್ಲುವ ದೇಶಗಳಲ್ಲಿ, ಹಾಕಿ ಎಂದರೆ ಬೇರೆಯದೇ ಆಟ. ಕೆನಡಾದ ಹುಡುಗನಿಗೆ ‘ಹಾಕಿ’ ಎಂದಷ್ಟೇ ಹೇಳಿದರೆ ಅವನು ಹಿಮದ ಮೇಲಣ ಹಾಕಿಯನ್ನೇ ತಿಳಿಯುತ್ತಾನೆ. ನಮ್ಮ ಆಟಕ್ಕೆ ಅವನು ‘ಹುಲ್ಲಿನ ಹಾಕಿ’ ಎಂದು ವಿಶೇಷಣ ಸೇರಿಸಿ ಹೇಳಬೇಕಾಗುತ್ತದೆ. ಈ ಹಿಮದ ಹಾಕಿಯಲ್ಲಿ ಎದುರಾಳಿಗೆ ಮೈಯಿಂದ ಢಿಕ್ಕಿ ಹೊಡೆಯುವುದು ನಿಯಮಕ್ಕೆ ವಿರುದ್ಧವಲ್ಲ. ಅದು ಆಟದ ಒಂದು ಅಂಗ. ಹಾಗಿರುವಲ್ಲಿ ಯಾವ ಢಿಕ್ಕಿ ಆಟ, ಯಾವುದು ಅಪರಾಧ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯ ಮೇಲೆ ಆ ದೇಶಗಳಲ್ಲಿ ಸುಮಾರು ನೂರು ವರ್ಷಗಳಿಂದ ವಾದವಿವಾದ ನಡೆದಿದೆ. ಕೆಲವರು ಪ್ರಾಣ ತೆತ್ತಿದ್ದಾರೆ, ಹಲವರು ಬುದ್ಧಿಸ್ವಾಸ್ಥ್ಯವನ್ನು ತೆತ್ತಿದ್ದಾರೆ. ಅದನ್ನು ಸ್ವಲ್ಪ ವಿವರವಾಗಿ ನಿರೂಪಿಸುವುದು ನಮ್ಮ ಉದ್ದೇಶ.

ಮೊದಲು ಆಟದ ಪರಿಚಯವಾಗಲಿ. ಇಂದಿನ ರೂಪದ ಆಟವನ್ನು ಸೂರಿನಡಿಯ ಅಂಗಣದಲ್ಲಿ ಮೊಟ್ಟಮೊದಲು ಕ್ರಮಬದ್ಧವಾಗಿ ಆಡಿದ್ದು 1875ರ ಮಾರ್ಚ್ 3ರಂದು, ಕೆನಡಾದ ಮಾಂಟ್ರಿಯಲ್ ನಗರದಲ್ಲಿ. ವೃತ್ತಿಪರ ಆಟಗಾರರ ಅತಿ ದೊಡ್ಡ ಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ 1917ರ ನವೆಂಬರಿನಲ್ಲಿ ಅದೇ ಊರಿನಲ್ಲಿ ಹುಟ್ಟಿತು. ಈಗ ಅದರಲ್ಲಿ ಕೆನಡಾ ಮತ್ತು ಅಮೆರಿಕಗಳ 32 ತಂಡಗಳಿವೆ. ಅಂಗಣ 200 ಅಡಿ ಉದ್ದ, 85 ಅಡಿ ಅಗಲ. ಒಂದು ಪಕ್ಷಕ್ಕೆ ಗೋಲಿಯನ್ನೂ ಕೂಡಿಸಿ ಆರು ಜನ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿಗಳು. ಚೆಂಡಿಗೆ ಬದಲಾಗಿ ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಮೂರು ಅಂಗುಲ ಅಡ್ಡಳತೆ, ಒಂದು ಅಂಗುಲ ದಪ್ಪ, ತೂಕ ಸುಮಾರು 170 ಗ್ರಾಂ. ಬಲಿಷ್ಠನಾದವನು ಕೋಲಿನಿಂದ ಹೊಡೆದಾಗ ಅದು ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರುತ್ತದೆ. ಅಂಗಣದ ಸುತ್ತಲೂ ಎದೆಮಟ್ಟದ ಹಲಗೆಯ ಗೋಡೆ, ಅದರ ಮೇಲೆ ಪಾರದರ್ಶಕ ಫಲಕ. ನಮ್ಮ ಹಾಕಿಯಲ್ಲಿ ಚೆಂಡು ಗೆರೆ ದಾಟಿದರೆ ಆಟ ನಿಲ್ಲುತ್ತದೆ. ಅಲ್ಲಿ ಪಕ್ ಗೋಡೆಗೆ ಬಡಿದು ಮರಳುತ್ತದೆ, ಆಟ ಸಾಗುತ್ತಲೇ ಇರುತ್ತದೆ. ಈ ಗೋಡೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಅನರ್ಥಗಳಲ್ಲಿ ಕೆಲವು ಅದರ ಬುಡದಲ್ಲಿಯೇ ಸಂಭವಿಸುತ್ತವೆ.

ಎದುರಾಳಿಯಿಂದ ಪಕ್ಕನ್ನು ಬಿಡಿಸುವುದಕ್ಕೆ ಎರಡು ದಾರಿಗಳುಂಟು. ಒಂದು, ಕೋಲಿನ ಚಾತುರ್ಯ. ಇನ್ನೊಂದು, ಭುಜದಿಂದಲೋ ಸೊಂಟದಿಂದಲೋ ಅವನ ಮೈಗೆ ತಾಕಿ ಅವನ ಸಮತೋಲವನ್ನು ಕೆಡಿಸುವುದು. ಈ ಎರಡನೆಯದಕ್ಕೆ ಬಾಡಿ ಚೆಕ್ ಎನ್ನುತ್ತಾರೆ. ಇದಕ್ಕೂ ಮರ್ಯಾದೆಗಳಿವೆ. ಪಕ್ ಯಾರ ಬಳಿಯಲ್ಲಿದೆಯೋ ಅವನಿಗೆ ಮಾತ್ರ ತಾಕಬೇಕು, ಹಿಂದಿನಿಂದ ತಾಕಬಾರದು, ದೂರದಿಂದ ಓಡಿಬಂದು ಅಥವಾ ಮೇಲಕ್ಕೆ ಜಿಗಿದು ಬೀಳಬಾರದು, ಮೊಣಕೈ, ಮೊಣಕಾಲು, ಕೋಲಿನ ಹಿಡಿ ಇವುಗಳನ್ನು ಆಯುಧ ಮಾಡಿಕೊಳ್ಳಬಾರದು, ನಿಸ್ಸಹಾಯಕನಾಗಿ ಗೋಡೆಯತ್ತ ಮುಖಮಾಡಿ ನಿಂತವನನ್ನು ಗೋಡೆಗೆ ಅಪ್ಪಳಿಸಬಾರದು. ತಪ್ಪಿದವನು ಎರಡು ನಿಮಿಷವೋ ಐದು ನಿಮಿಷವೋ ಅಂಗಣದ ಹೊರಗಣ ಪೆಟ್ಟಿಗೆಯಂಥ ಕಟ್ಟೆಯಲ್ಲಿ ಕುಳಿತಿರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬನಿಲ್ಲದೆ ಆಡಬೇಕು. ಅಪರಾಧ ಘೋರವಾಗಿದ್ದರೆ ಪೂರ್ತಿ ಹೊರದಬ್ಬುತ್ತಾರೆ. ಮಾತಿನಲ್ಲಿ ಇವೆಲ್ಲ ಸ್ಪಷ್ಟವಾಗಿಯೇ ತೋರುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಮೈಗಳು ಕೂಡಿ ಬೇರೆಯಾಗುವಲ್ಲಿ ಇವನ್ನು ನಿರ್ಣಯಿಸುವುದು ಸುಲಭವಲ್ಲ.

ಢಿಕ್ಕಿಯ ಬಲವೆಷ್ಟೆಂಬುದನ್ನು ಅಂಕೆಯಿಂದ ತಿಳಿಯೋಣ. ತೊಂಬತ್ತು ಕಿಲೋ ತೂಕದ ಆಟಗಾರನೊಬ್ಬ ಗಂಟೆಗೆ 36 ಕಿಲೋಮೀಟರು, ಅಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಜಾರುತ್ತಿದ್ದಾನೆಂದು ಇಟ್ಟುಕೊಳ್ಳಿ. ನುರಿತ ಆಟಗಾರರಿಗೆ ಇದು ಅಸಾಧ್ಯದ ವೇಗವೇನೂ ಅಲ್ಲ. ಸುಮಾರು 5 ಮೀಟರು ಎತ್ತರದಿಂದ ಕೆಳಗೆ ಬಿದ್ದವನು ನೆಲ ಮುಟ್ಟುವಾಗ ಪಡೆದಿರುವ ವೇಗ ಇದೇ. ಒಂಬತ್ತನೆಯ ಇಯತ್ತೆಯವರು ತಮ್ಮ ಪದಾರ್ಥವಿಜ್ಞಾನದ ಸೂತ್ರದಿಂದ ತಾವೇ ಲೆಕ್ಕ ಹಾಕಿ ನೋಡಬಹುದು. ಒಂದು ಮಹಡಿಯನ್ನೂ ಮೀರಿದ ಎತ್ತರದಿಂದ ಬಿದ್ದವನು ಗೋಡೆಗೆ ತಗುಲಿ ಎದ್ದು ನಿಂತು ಮತ್ತೆ ಆಡುತ್ತಾನೆ. ಆಟಗಾರರ ಸಹನೆಗೆ ತಲೆದೂಗಬೇಕಾದ್ದೇ. ಆದರೆ ತಲೆಯೊಳಗಿನ ಮೆದುಳಿಗೆ ಅಂಥ ಸಹನೆಯಿಲ್ಲ.

ವಿವಾದದ ಇತಿಹಾಸದಲ್ಲಿ ಮೊದಲನೆಯ ದೊಡ್ಡ ಪ್ರಸಂಗ 1933ರ ಡಿಸೆಂಬರ್ 12ರಂದು ಬಾಸ್ಟನ್ ನಗರದಲ್ಲಿ ನಡೆಯಿತು. ಬಾಸ್ಟನ್ ತಂಡದ ಎಡ್ಡಿ ಶೋರ್ ಎಂಬ ಪ್ರಖ್ಯಾತ ಆಟಗಾರನನ್ನು ಯಾರೋ ಎಡವಿ ಬೀಳಿಸಿದರು. ಕೆರಳಿ ಎದ್ದ ಶೋರ್, ಟೊರಾಂಟೋ ತಂಡದ ಏಸ್ ಬೇಯ್ಲಿಗೆ ಹಿಂದಿನಿಂದ ಢಿಕ್ಕಿ ಹೊಡೆದ. ಬೀಳಿಸಿದವನು ಬೇರೊಬ್ಬ, ಬೇಯ್ಲಿ ಅಲ್ಲ ಎಂದು ಹೇಳುತ್ತಾರೆ. ಬೇಯ್ಲಿಯ ತಲೆ ಹಿಮಕ್ಕೆ ಅಪ್ಪಳಿಸಿ ಬುರುಡೆ ಒಡೆಯಿತು. ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿ ಅವನನ್ನು ಬದುಕಿಸಿದರಾದರೂ ಅವನು ಮತ್ತೆ ಎಂದೂ ಆಡಲಿಲ್ಲ. ಶೋರನಿಗೆ 16 ಪಂದ್ಯಗಳ ಬಹಿಷ್ಕಾರ ವಿಧಿಸಲ್ಪಟ್ಟಿತು. ಎರಡು ತಿಂಗಳ ತರುವಾಯ, 1934ರ ಫೆಬ್ರವರಿ 14ರಂದು, ಬೇಯ್ಲಿಯ ಸಹಾಯಾರ್ಥವಾಗಿ ಟೊರಾಂಟೋದಲ್ಲಿ ಒಂದು ಪಂದ್ಯವನ್ನೇರ್ಪಡಿಸಿದರು. ಎದುರು ತಂಡದಲ್ಲಿ ಶೋರನೂ ಇದ್ದ. ತುಂಬಿದ ಸಭೆಯ ಮುಂದೆ ಬೇಯ್ಲಿ ಅವನ ಕೈಕುಲುಕಿದ. ಎಂಥ ಉದಾರ ಹೃದಯವೆಂದು ಜನ ಕೊಂಡಾಡಿದರು, ಕೊಂಡಾಡತಕ್ಕದ್ದೇ. ಆದರೆ ಆ ಕೈಕುಲುಕುವಿಕೆಯ ಸಂಭ್ರಮದಲ್ಲಿ, ಆಟಗಾರರ ತಲೆಗೆ ಒಂದು ಟೋಪಿಯಾದರೂ ಬೇಡವೇ ಎಂಬ ಪ್ರಶ್ನೆ ಮರೆಯಾಗಿಹೋಯಿತೆಂದು ನಮಗೆ ತೋರುತ್ತದೆ.

ಏಕೆಂದರೆ ಟೋಪಿ ಬರಲು ಇನ್ನೂ ನಲವತ್ತೈದು ವರ್ಷ ಬೇಕಾಯಿತು. ಶಿರಸ್ತ್ರಾಣ ಧರಿಸುವುದು ಹೇಡಿತನದ ಲಕ್ಷಣವೆಂದು ಆಟಗಾರರೇ ಭಾವಿಸುತ್ತಿದ್ದರು. ಗೋಲಿಗಳ ಅವಸ್ಥೆಯನ್ನು ನೋಡಿ: ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದ ಪಕ್ಕನ್ನು ಅವರು ಬರಿಯ ಮುಖದಿಂದ ಎದುರಿಸುತ್ತಿದ್ದರು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಮಾಂಟ್ರಿಯಲ್ ತಂಡದ ಗೋಲಿ ಜಾಕ್ ಪ್ಲಾಂಟನ ಮುಖಕ್ಕೆ ಪಕ್ ಬಡಿದು ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದ ಪ್ಲಾಂಟ್, ತಾನು ಅಭ್ಯಾಸದಲ್ಲಿ ಬಳಸುತ್ತಿದ್ದ ಮುಖವಾಡವನ್ನು ಧರಿಸದೆ ಅಂಗಣಕ್ಕಿಳಿಯುವುದಿಲ್ಲವೆಂದು ಹಟ ಹಿಡಿದ. ತರಬೇತುಗಾರ ಟೋ ಬ್ಲೇಕನಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಆದರೆ ಆ ಕಾಲದಲ್ಲಿ ತಂಡಗಳು ಎರಡನೆಯ ಗೋಲಿಯನ್ನು ಜೊತೆಗೆ ಕರೆದುಕೊಂಡು ಹೋಗುವ ಪದ್ಧತಿಯಿರಲಿಲ್ಲವಾದ್ದರಿಂದ ಬೇರೆ ಗತಿಯಿರಲಿಲ್ಲ. ಮಾಂಟ್ರಿಯಲ್ ಆ ಪಂದ್ಯವನ್ನು ಗೆದ್ದಿತು. 1960ರಲ್ಲಿ ಸ್ಟ್ಯಾನ್ಲಿ ಕಪ್ಪನ್ನೂ ಸತತವಾಗಿ ಐದನೆಯ ಸಲ ಗೆದ್ದಿತು. ಮುಖವಾಡದಿಂದ ಧೈರ್ಯ ಕುಗ್ಗುತ್ತದೆಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಗೋಲಿಯ ಮುಖ ಉಳಿಯಿತು. ಉಳಿದವರ ತಲೆ ಬರಿದಾಗಿಯೇ ಇತ್ತು. 1968ರ ಜನವರಿ 13ರಂದು ಮಿನ್ನಿಸೋಟಾ ತಂಡದ ಬಿಲ್ ಮಾಸ್ಟರ್ಟನ್ ಓಕ್ಲಂಡ್ ತಂಡದೆದುರು ಆಡುತ್ತಿದ್ದಾಗ ಢಿಕ್ಕಿಗೆ ಸಿಕ್ಕಿ ಹಿಂದಕ್ಕೆ ಬಿದ್ದ. ತಲೆ ಹಿಮಕ್ಕೆ ಬಡಿಯಿತು. ಎರಡು ದಿನಗಳ ಮೇಲೆ, 29ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ನ್ಯಾಷನಲ್ ಹಾಕಿ ಲೀಗಿನ ಪಂದ್ಯದಲ್ಲಿ ಆದ ಗಾಯದಿಂದ ನೇರವಾಗಿ ಮೃತಪಟ್ಟ ಆಟಗಾರ ಅವನೊಬ್ಬನೇ. ಲೀಗು ಅವನ ಹೆಸರಿನಲ್ಲಿ ಒಂದು ಪಾರಿತೋಷಕವನ್ನು ಸ್ಥಾಪಿಸಿತು. ಶಿರಸ್ತ್ರಾಣವನ್ನು ಮಾತ್ರ ಕಡ್ಡಾಯ ಮಾಡಲಿಲ್ಲ. ಹನ್ನೊಂದು ವರ್ಷ ಕಳೆದು 1979ರಲ್ಲಿ ನಿಯಮ ಬಂದಿತು; ಅದೂ ಆ ವರ್ಷದ ಜೂನ್ 1ರ ನಂತರ ವೃತ್ತಿಗೆ ಸೇರಿದವರಿಗೆ ಮಾತ್ರ. ಹಳಬರು ಇಷ್ಟವಿದ್ದರೆ ಬರಿದಲೆಯಲ್ಲಿಯೇ ಆಡಬಹುದು. ಹೀಗಾಗಿ ಶಿರಸ್ತ್ರಾಣವಿಲ್ಲದ ಕೊನೆಯ ಆಟಗಾರ ಕ್ರೇಗ್ ಮ್ಯಾಕ್‌ಟ್ಯಾವಿಶ್ ನಿವೃತ್ತನಾದದ್ದು 1997ರಲ್ಲಿ.

ಇದನ್ನು ಓದಿ ನಗುವ ಅಧಿಕಾರ ನಮಗೂ ಹೆಚ್ಚಿಲ್ಲ. ನಮ್ಮ ಮುಂಬಯಿಯವರೇ ಆದ ನಾರಿ ಕಂಟ್ರಾಕ್ಟರರು ಭಾರತದ ಕ್ರಿಕೆಟ್ ತಂಡದ ನಾಯಕರಾಗಿದ್ದಾಗ, 1962ರ ಮಾರ್ಚಿನಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತನ ಚೆಂಡು ತಲೆಗೆ ತಗುಲಿ ಬುರುಡೆಯೊಡೆದು, ಪ್ರಾಣಾಪಾಯದಿಂದ ಪಾರಾಗಿ, ಮತ್ತೆ ಒಂದೂ ಟೆಸ್ಟ್ ಪಂದ್ಯವನ್ನಾಡಲಿಲ್ಲ. ಕ್ರಿಕೆಟಿನಲ್ಲಿಯೂ ಶಿರಸ್ತ್ರಾಣ ಬಳಕೆಗೆ ಬಂದದ್ದು ಆಮೇಲೆ ಬಹಳ ವರ್ಷಗಳಿಗೆ. ತಲೆಗೆ ಪೆಟ್ಟು ಬಿದ್ದವನಿಗೆ ಬದಲಿ ಆಟಗಾರನನ್ನು ಇಳಿಸಬಹುದೆಂಬ ನಿಯಮ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಂದದ್ದು 2019ರಲ್ಲಿ.

ಶಿರಸ್ತ್ರಾಣ ಬಂದ ಮೇಲೆ ಸಮಸ್ಯೆ ತೀರಿತೇ ಎಂದು ವಾಚಕರು ಕೇಳಬಹುದು. ತೀರಲಿಲ್ಲ; ಅದರ ಕಾರಣವನ್ನು ತಿಳಿಯುವುದು ಅವಶ್ಯ. ಮನುಷ್ಯನ ಮೆದುಳು ಸುಮಾರು 1.4 ಕಿಲೋ ತೂಕದ, ಬಹು ಮೃದುವಾದ ಪದಾರ್ಥ. ಬುರುಡೆಯೊಳಗೆ ದ್ರವವೊಂದರ ನಡುವೆ ಅದು ತೇಲಿಕೊಂಡಿದೆ. ದಾದರಿನ ಕಡೆಗೆ ವೇಗವಾಗಿ ಸಾಗುತ್ತಿರುವ ಲೋಕಲ್ ಗಾಡಿ ಥಟ್ಟನೆ ನಿಂತಾಗ ಒಳಗೆ ನಿಂತವರ ಗತಿ ಏನಾಗುವುದೆಂಬುದು ನಮ್ಮ ಮಕ್ಕಳಿಗೆ ದಿನನಿತ್ಯದ ಅನುಭವ. ಗಾಡಿ ನಿಂತರೂ ಒಳಗಿನವರು ಮುಂದಕ್ಕೆ ಮುಗ್ಗರಿಸುತ್ತಾರೆ. ತಲೆಗೆ ಢಿಕ್ಕಿ ಬಿದ್ದಾಗ ಬುರುಡೆಯೇ ಗಾಡಿ, ಮೆದುಳೇ ಪ್ರಯಾಣಿಕ. ಅದರಲ್ಲಿಯೂ ದವಡೆಗೋ ಕೆನ್ನೆಗೋ ಪಕ್ಕದಿಂದ ಬಿದ್ದ ಹೊಡೆತ ತಲೆಯನ್ನು ಗಿರ್ರನೆ ತಿರುಗಿಸುತ್ತದೆ. ಆಗ ಮೆದುಳಿನ ಎಳೆಗಳು ಹಿಂಡಿದಂತಾಗಿ ಸೆಳೆಯಲ್ಪಡುತ್ತವೆ. ಗಾಡಿಯ ಹೊರಮೈಗೆ ಎಷ್ಟು ದಪ್ಪದ ಉಕ್ಕಿನ ತಗಡು ಹೊದಿಸಿದರೂ ಒಳಗಿನವನ ಮುಗ್ಗರಿಕೆ ತಪ್ಪುವುದಿಲ್ಲ. ಶಿರಸ್ತ್ರಾಣ ಬುರುಡೆ ಒಡೆಯುವುದನ್ನು ತಡೆಯುತ್ತದೆ. ಮೆದುಳು ಅಲುಗುವುದನ್ನು ತಡೆಯಲಾರದು. ಈ ಅಲುಗಾಟದಿಂದಾಗುವ ಆಘಾತಕ್ಕೆ ವೈದ್ಯರು ಕನ್‌ಕಶನ್ ಎನ್ನುತ್ತಾರೆ. ರಕ್ತ ಬರುವುದಿಲ್ಲ, ಎಲುಬು ಮುರಿಯುವುದಿಲ್ಲ, ಸಾಮಾನ್ಯ ಚಿತ್ರಣದಲ್ಲಿ ಏನೂ ಕಾಣದಿರುವುದೇ ಹೆಚ್ಚು. ತಲೆನೋವು, ಬೆಳಕಿಗೆ ಕಣ್ಣುಬಿಡಲಾರದ ಸ್ಥಿತಿ, ವಾಕರಿಕೆ, ಮರೆವು, ಖಿನ್ನತೆ ಇವೇ ಲಕ್ಷಣಗಳು. ಕಾಣದ ಗಾಯವಾದ್ದರಿಂದ ಆಟಗಾರ ಅದನ್ನು ಮುಚ್ಚಿಡಬಲ್ಲ, ತರಬೇತುಗಾರ ಅದನ್ನು ನಂಬದಿರಬಲ್ಲ. ಮೊದಲನೆಯದು ಮಾಯುವ ಮುನ್ನ ಎರಡನೆಯದು ಬಿದ್ದರೆ ಹಾನಿ ಬಹುಪಾಲು ಹೆಚ್ಚುತ್ತದೆ.

ಇನ್ನೊಂದು ಸೂಕ್ಷ್ಮವೂ ಉಂಟು. ಮಾಂಟ್ರಿಯಲ್ಲಿನ ಸುಪ್ರಸಿದ್ಧ ಗೋಲಿಯಾಗಿದ್ದು ಮುಂದೆ ವಕೀಲ, ಲೇಖಕ, ಕೆನಡಾದ ಮಂತ್ರಿ ಎಲ್ಲವೂ ಆದ ಕೆನ್ ಡ್ರೈಡನ್ ಇದನ್ನು ಚೆನ್ನಾಗಿ ಎತ್ತಿ ತೋರಿಸಿದ್ದಾರೆ. ಹಿಂದಿನ ಕಾಲದಲ್ಲಿ ಆಟಗಾರ ಒಮ್ಮೆ ಅಂಗಣಕ್ಕಿಳಿದರೆ ಎರಡು ನಿಮಿಷ ಆಡುತ್ತಿದ್ದ; ದಮ್ಮು ಉಳಿಸಿಕೊಳ್ಳಲು ನಡುನಡುವೆ ಮೆಲ್ಲನೆ ಜಾರುತ್ತಿದ್ದ. ಇಂದು ಸುಮಾರು ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಾರೆ. ಆದಕಾರಣ ಆ ಮುಕ್ಕಾಲು ನಿಮಿಷವೂ ಪೂರ್ಣ ವೇಗದ ಓಟವೇ. ಅಂಗಣದ ಅಳತೆ ಹಿಗ್ಗಲಿಲ್ಲ. ಆಟಗಾರರ ಮೈಕಟ್ಟು ಹಿಗ್ಗಿತು, ವೇಗ ಹಿಗ್ಗಿತು. ಹಳೆಯ ನಿಯಮಗಳು ಹಳೆಯ ವೇಗಕ್ಕೆ ಮಾಡಿದವು.

ಕಾನೂನಿನ ಈ ಹಿಂದುಳಿಕೆಯನ್ನು ತೋರಿಸಿದ ಪ್ರಸಂಗಗಳಲ್ಲಿ ಎರಡನ್ನು ಹೇಳುತ್ತೇವೆ. 2000ದ ಮೇ 26ರಂದು ನ್ಯೂಜರ್ಸಿ ತಂಡದ ಸ್ಕಾಟ್ ಸ್ಟೀವನ್ಸ್, ಫಿಲಡೆಲ್ಫಿಯಾದ ಎರಿಕ್ ಲಿಂಡ್ರಾಸ್ ತಲೆ ತಗ್ಗಿಸಿ ಪಕ್ಕನ್ನು ನಡೆಸಿಕೊಂಡು ಬರುತ್ತಿದ್ದಾಗ ಭುಜದಿಂದ ಢಿಕ್ಕಿ ಹೊಡೆದ. ಲಿಂಡ್ರಾಸ್ ಎಚ್ಚರ ತಪ್ಪಿ ಬಿದ್ದ. ಮುಂದಿನ ಇಡೀ ಹಂಗಾಮು ಆಡಲಿಲ್ಲ. ಸ್ಟೀವನ್ಸನಿಗೆ ಎರಡು ನಿಮಿಷದ ದಂಡವೂ ಆಗಲಿಲ್ಲ, ಏಕೆಂದರೆ ಅಂದಿನ ನಿಯಮದಂತೆ ಅದು ಸಕ್ರಮವಾದ ಹೊಡೆತ. 2010ರ ಮಾರ್ಚ್ 7ರಂದು ಪಿಟ್ಸ್‌ಬರ್ಗಿನ ಮ್ಯಾಟ್ ಕುಕ್, ಬಾಸ್ಟನ್ನಿನ ಮಾರ್ಕ್ ಸವಾರ್ಡ್ ಗೋಲಿನತ್ತ ಪಕ್ ಹೊಡೆದು ಮುಗಿಸಿದ ಕ್ಷಣದಲ್ಲಿ, ಕಣ್ಣಿಗೆ ಬೀಳದ ಪಕ್ಕದಿಂದ ಬಂದು ತಲೆಗೆ ತಾಕಿದ. ಸವಾರ್ಡನನ್ನು ಹೊತ್ತೊಯ್ಯಬೇಕಾಯಿತು. ಆಗಲೂ ದಂಡವಿಲ್ಲ, ಬಹಿಷ್ಕಾರವಿಲ್ಲ. ಶಿಕ್ಷಿಸಲು ನಿಯಮವೇ ಇಲ್ಲವೆಂದು ಲೀಗು ಹೇಳಿತು. ಸವಾರ್ಡ್ ಚೇತರಿಸಿಕೊಂಡು ಮರಳಿ ಬಂದನಾದರೂ 2011ರ ಜನವರಿಯಲ್ಲಿ ಮತ್ತೊಂದು ಆಘಾತವಾಗಿ ಅವನ ಆಟ ಕೊನೆಗೊಂಡಿತು.

ಎರಡನೆಯ ಪ್ರಸಂಗದಿಂದ ಎದ್ದ ಕೋಲಾಹಲ ಫಲ ಕೊಟ್ಟಿತು. ಅದೇ ತಿಂಗಳಲ್ಲಿ ತಾತ್ಕಾಲಿಕವಾಗಿಯೂ 2010-11ರ ಹಂಗಾಮಿನಿಂದ ಖಾಯಮಾಗಿಯೂ 48ನೆಯ ನಿಯಮವೆಂಬುದು ಜಾರಿಗೆ ಬಂದಿತು. ಮೊದಲಲ್ಲಿ ಅದು ಪಕ್ಕದಿಂದ ಅಥವಾ ಕಾಣದ ದಿಕ್ಕಿನಿಂದ ತಲೆಗೆ ಹೊಡೆಯುವುದನ್ನು ಮಾತ್ರ ನಿಷೇಧಿಸಿತು. ಮರುವರ್ಷ ದಿಕ್ಕಿನ ಮಾತನ್ನು ತೆಗೆದುಹಾಕಿದರು. ಇಂದಿನ ಅದರ ಸಾರಾಂಶ ಹೀಗೆ: ಢಿಕ್ಕಿಯಲ್ಲಿ ತಲೆಯೇ ಮುಖ್ಯವಾಗಿ ತಾಕಿದ ಭಾಗವಾಗಿದ್ದು, ಆ ತಾಕುವಿಕೆಯನ್ನು ತಪ್ಪಿಸಲು ಸಾಧ್ಯವಿದ್ದರೆ, ಅದು ಅಪರಾಧ. ತಪ್ಪಿಸಲು ಸಾಧ್ಯವಿತ್ತೇ ಎಂದು ನಿರ್ಣಯಿಸುವಾಗ, ಹೊಡೆದವನು ಮೈಯನ್ನೇ ಗುರಿಯಾಗಿಟ್ಟುಕೊಂಡಿದ್ದನೇ, ಹೊಡೆಸಿಕೊಂಡವನು ಕೊನೆಯ ಕ್ಷಣದಲ್ಲಿ ತಾನಾಗಿ ತಲೆಯ ಸ್ಥಾನವನ್ನು ಬದಲಿಸಿದನೇ ಎಂಬುದನ್ನೆಲ್ಲ ನೋಡಬೇಕು.

ವಿವಾದದ ಗಂಟು ಇರುವುದು ಈ ಒಕ್ಕಣೆಯಲ್ಲಿಯೇ. ಒಂದು ಪಕ್ಷದವರು ಹೇಳುತ್ತಾರೆ: ತಲೆಯೆತ್ತಿ ಆಡುವುದು ಆಟಗಾರನ ಮೊದಲ ಕರ್ತವ್ಯ. ಚಿಕ್ಕಂದಿನಿಂದ ಅವನಿಗೆ ಇದನ್ನೇ ಕಲಿಸಿದೆ. ತಲೆ ತಗ್ಗಿಸಿ ಬಂದವನು ತನ್ನ ಅಪಾಯವನ್ನು ತಾನೇ ತಂದುಕೊಂಡ. ಆರಡಿ ಎತ್ತರದವನ ಭುಜ ಕುಳ್ಳನ ಗದ್ದಕ್ಕೆ ಸಮನಾಗಿರುತ್ತದೆ. ಅದಕ್ಕೆ ಅವನೇನು ಮಾಡಬೇಕು? ಢಿಕ್ಕಿಯ ಭಯ ಹೋದರೆ ಆಟಗಾರರು ಅಂಗಣದ ನಡುವೆ ಅಜಾಗರೂಕರಾಗಿ ತಿರುಗುತ್ತಾರೆ, ಕೋಲುಗಳ ಕಿಡಿಗೇಡಿತನ ಹೆಚ್ಚುತ್ತದೆ, ಆಟ ಸಪ್ಪೆಯಾಗುತ್ತದೆ. ಈ ಮಾತುಗಳನ್ನು ಆಡುವವರು ಮೂಢರಲ್ಲ. ಅವರಲ್ಲಿ ಬಹು ಜನ ಸ್ವತಃ ಆಡಿದವರು, ಹಲ್ಲು ಕಳೆದುಕೊಂಡವರು. ಇನ್ನೊಂದು ಪಕ್ಷದವರ ಮಾತು ಚಿಕ್ಕದು: ಪೆಟ್ಟು ಬಿದ್ದ ಮೆದುಳಿಗೆ ಅದು ತಪ್ಪಿಸಬಹುದಾದ ಹೊಡೆತವೋ ತಪ್ಪಿಸಲಾಗದ್ದೋ ಎಂಬ ಭೇದ ಗೊತ್ತಾಗುವುದಿಲ್ಲ. ಕೋಲು ಎದುರಾಳಿಯ ಮುಖಕ್ಕೆ ತಾಕಿದರೆ, ಅದು ಅಕಸ್ಮಾತ್ತಾಗಿದ್ದರೂ, ಲೀಗಿನ ನಿಯಮದಂತೆ ದಂಡ ಬೀಳುತ್ತದೆ. ಏಕೆಂದರೆ ಕೋಲಿನ ಹೊಣೆ ಹಿಡಿದವನದು. ಅದೇ ನ್ಯಾಯವನ್ನು ಭುಜಕ್ಕೆ ಏಕೆ ಅನ್ವಯಿಸಬಾರದು? ಡ್ರೈಡನ್ನರು 2017ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿಯೂ, 2025ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗಿನ ತಮ್ಮ ಭಾಷಣ ಲೇಖನಗಳಲ್ಲಿಯೂ ಹೇಳುತ್ತ ಬಂದದ್ದು ಇದನ್ನೇ: ತಲೆಗೆ ಹೊಡೆತವೇ ಕೂಡದು, ಸಬೂಬು ಕೂಡದು. ನಮ್ಮ ಮತವೂ ಇದೇ. ಕೋಲಿಗೆ ಒಂದು ನ್ಯಾಯ, ಮೈಗೆ ಇನ್ನೊಂದು ನ್ಯಾಯ ಎಂಬುದಕ್ಕೆ ಸಮರ್ಪಕವಾದ ಉತ್ತರ ನಮಗೆ ಮೊದಲನೆಯ ಪಕ್ಷದವರ ಬರಹಗಳಲ್ಲಿ ದೊರೆಯಲಿಲ್ಲ.

ನಿಯಮ ಮಾಡಿದರಷ್ಟೇ ಸಾಲದು, ಶಿಕ್ಷೆ ವಿಧಿಸುವವರು ಬೇಕಲ್ಲ! ಅದಕ್ಕಾಗಿ 2011ರಲ್ಲಿ ಲೀಗು ಆಟಗಾರರ ರಕ್ಷಣೆಯ ಇಲಾಖೆಯೊಂದನ್ನು ತೆರೆಯಿತು. ಮಾಜಿ ಆಟಗಾರ ಬ್ರೆಂಡನ್ ಶಾನಹನ್ ಅದರ ಮೊದಲ ಮುಖ್ಯಸ್ಥ. ಪ್ರತಿಯೊಂದು ಬಹಿಷ್ಕಾರಕ್ಕೂ ಚಲಚ್ಚಿತ್ರದ ಮೂಲಕ ಕಾರಣಗಳನ್ನು ವಿವರಿಸಿ ಸಾರ್ವಜನಿಕರಿಗೆ ತೋರಿಸುವ ಒಳ್ಳೆಯ ಪದ್ಧತಿಯನ್ನು ಅವರು ಆರಂಭಿಸಿದರು. ಬಹಿಷ್ಕೃತನಾದವನಿಗೆ ಆ ದಿನಗಳ ಸಂಬಳವಿಲ್ಲ. ಆ ಹಣ ಆಪತ್ತಿಗೊಳಗಾದ ಆಟಗಾರರ ಸಹಾಯನಿಧಿಗೆ ಹೋಗುತ್ತದೆ. 2015ರ ಅಕ್ಟೋಬರಿನಲ್ಲಿ, ಹಿಂದೆಯೂ ಹಲವು ಸಲ ಶಿಕ್ಷೆಗೊಳಗಾಗಿದ್ದ ರಾಫಿ ಟಾರೆಸ್ ಎಂಬವನಿಗೆ ತಲೆಗೆ ಹೊಡೆದದ್ದಕ್ಕಾಗಿ 41 ಪಂದ್ಯಗಳ, ಅಂದರೆ ಅರ್ಧ ಹಂಗಾಮಿನ, ಬಹಿಷ್ಕಾರ ವಿಧಿಸಿದರು. ಅವನು 4,40,000 ಡಾಲರಿಗೂ ಹೆಚ್ಚು ಸಂಬಳ ಕಳೆದುಕೊಂಡ, ಮತ್ತೆ ಆ ಲೀಗಿನಲ್ಲಿ ಆಡಲೂ ಇಲ್ಲ. ಆದರೆ ಎಲ್ಲ ತೀರ್ಪುಗಳೂ ಇಂಥವಲ್ಲ. 2017ರಲ್ಲಿ ಈ ಇಲಾಖೆಯ ಮುಖ್ಯಸ್ಥನಾಗಿ ಜಾರ್ಜ್ ಪ್ಯಾರಸ್ ನೇಮಕಗೊಂಡಾಗ, ಆಡುವ ಕಾಲದಲ್ಲಿ ಮುಷ್ಟಿಯುದ್ಧಕ್ಕೇ ಹೆಸರಾದವನು ರಕ್ಷಕನಾಗುವುದೆಂತು ಎಂದು ಹಲವರು ಹುಬ್ಬೇರಿಸಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬಂತೆ ಕೆಲವರು ಸಮರ್ಥಿಸಿದರು. 2021ರ ಮೇ ತಿಂಗಳಲ್ಲಿ ವಾಶಿಂಗ್ಟನ್ನಿನ ಟಾಮ್ ವಿಲ್ಸನ್, ಹಿಮದ ಮೇಲೆ ಬಿದ್ದಿದ್ದ ನ್ಯೂಯಾರ್ಕ್ ತಂಡದ ಆಟಗಾರನನ್ನು ಗುದ್ದಿದ್ದಕ್ಕಾಗಿ 5,000 ಡಾಲರು ದಂಡ ಕೊಟ್ಟ. ಒಪ್ಪಂದದಂತೆ ಅದಕ್ಕಿಂತ ಹೆಚ್ಚು ದಂಡ ಹಾಕುವಂತಿರಲಿಲ್ಲ. ಬಹಿಷ್ಕಾರವಾಗಲಿಲ್ಲ. ಇದನ್ನು ಪ್ರತಿಭಟಿಸಿ ಇಲಾಖೆಯ ಮುಖ್ಯಸ್ಥ ಅಯೋಗ್ಯನೆಂದು ಹೇಳಿಕೆ ಕೊಟ್ಟ ನ್ಯೂಯಾರ್ಕ್ ತಂಡಕ್ಕೆ ಲೀಗು ಹಾಕಿದ ದಂಡ 2,50,000 ಡಾಲರು. ಗುದ್ದಿದ್ದಕ್ಕಿಂತ ಗುದ್ದಿದ್ದು ತಪ್ಪೆಂದದ್ದಕ್ಕೆ ಐವತ್ತು ಪಟ್ಟು ದಂಡ!

ಶಿಕ್ಷೆ ಸಾಲದಾದಾಗ ಆಟಗಾರರು ತಾವೇ ನ್ಯಾಯಾಧೀಶರಾಗುತ್ತಾರೆ. ಇದರ ಘೋರ ನಿದರ್ಶನ 2004ರದು. ಫೆಬ್ರವರಿಯಲ್ಲಿ ಕಾಲರಾಡೋ ತಂಡದ ಸ್ಟೀವ್ ಮೂರ್, ವ್ಯಾಂಕೂವರಿನ ನಾಯಕ ಮಾರ್ಕುಸ್ ನಾಸ್ಲಂಡನಿಗೆ ಢಿಕ್ಕಿ ಹೊಡೆದು ಗಾಯಗೊಳಿಸಿದ, ದಂಡವಾಗಲಿಲ್ಲ. ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ಆ ತಂಡದ ಟಾಡ್ ಬರ್ಟುಜಿ ಮೂರನನ್ನು ಬೆನ್ನಟ್ಟಿ ಹಿಂದಿನಿಂದ ಗುದ್ದಿ ಅವನ ಮೇಲೆ ಬಿದ್ದ. ಮೂರನ ಕತ್ತಿನ ಮೂರು ಕಶೇರುಮಣಿಗಳು ಮುರಿದವು. ಅವನು ಮತ್ತೆ ಆಡಲಿಲ್ಲ. ಪ್ರಕರಣ ಕೆನಡಾದ ನ್ಯಾಯಾಲಯಕ್ಕೆ ಹೋಗಿ ಬರ್ಟುಜಿ ತಪ್ಪೊಪ್ಪಿಕೊಂಡ. ಒಂದು ವರ್ಷದ ಸನ್ನಡತೆಯ ಷರತ್ತು ಮತ್ತು 80 ಗಂಟೆಗಳ ಸಮಾಜಸೇವೆ ವಿಧಿಸಲ್ಪಟ್ಟವು. ಪರಿಹಾರದ ದಾವೆ ಹತ್ತು ವರ್ಷ ಎಳೆದು 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಸೇಡಿನಿಂದ ಸೇಡು ಹುಟ್ಟುವ ಈ ಸರಪಣಿಯನ್ನು ಕಡಿಯಬೇಕಾದುದು ಮೊದಲನೆಯ ಢಿಕ್ಕಿಯ ಸ್ಥಳದಲ್ಲಿಯೇ. ಮುಷ್ಟಿಯುದ್ಧದ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದಕ್ಕೆ ಆ ಲೀಗಿನಲ್ಲಿ ಇಂದಿಗೂ ಐದು ನಿಮಿಷದ ದಂಡವಷ್ಟೇ ಎಂದರೆ ಸಾಕು.

ಎಲ್ಲ ಸುಧಾರಣೆಯೂ ಶಿಕ್ಷೆಯಿಂದಲೇ ಆಗಬೇಕೆಂದಿಲ್ಲ. ಆಟದ ಕಟ್ಟಳೆಯನ್ನು ಸ್ವಲ್ಪ ತಿದ್ದಿದರೆ ಅಪಾಯವೇ ಹುಟ್ಟದಂತೆ ಮಾಡಬಹುದು. ಇದು ನಮಗೆ ಬಹಳ ಮೆಚ್ಚುಗೆಯಾದ ಅಂಶ. ಅಂಗಣದ ತಮ್ಮ ಅರ್ಧದಿಂದ ಪಕ್ಕನ್ನು ಎದುರಿನ ಕೊನೆಯ ಗೆರೆಯಾಚೆಗೆ ಸುಮ್ಮನೆ ಅಟ್ಟಿಬಿಟ್ಟರೆ ಆಟ ನಿಲ್ಲಿಸಬೇಕೆಂಬ ನಿಯಮವೊಂದಿದೆ. ನ್ಯಾಷನಲ್ ಹಾಕಿ ಲೀಗಿನಲ್ಲಿ, ರಕ್ಷಕನು ಓಡಿಹೋಗಿ ಅದನ್ನು ಮುಟ್ಟಿದ ಮೇಲಷ್ಟೇ ನಿಲ್ಲಿಸುತ್ತಿದ್ದರು. ಆದ್ದರಿಂದ ಇಬ್ಬರು ಆಟಗಾರರು ಪೂರ್ಣ ವೇಗದಲ್ಲಿ, ಒಬ್ಬರನ್ನೊಬ್ಬರು ತಳ್ಳುತ್ತ, ಗೋಡೆಯ ಕಡೆಗೆ ಧಾವಿಸುತ್ತಿದ್ದರು. 2008ರಲ್ಲಿ ಕರ್ಟಿಸ್ ಫಾಸ್ಟರನ ತೊಡೆಯೆಲುಬು ಹೀಗೆ ಮುರಿಯಿತು. 2013ರಲ್ಲಿ ಯೋನಿ ಪಿಟ್ಕಾನೆನ್‌ನ ಹಿಮ್ಮಡಿ ಮುರಿದು ಆ ಲೀಗಿನಲ್ಲಿ ಅವನ ಆಟವೇ ಮುಗಿಯಿತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಪಕ್ ಗೆರೆ ದಾಟಿದೊಡನೆ ಶೀಟಿ ಊದುವ ಪದ್ಧತಿ ಮೊದಲೇ ಇತ್ತು. ಕೊನೆಗೆ 2013-14ರ ಹಂಗಾಮಿನಿಂದ ಲೀಗು ನಡುದಾರಿ ಹಿಡಿಯಿತು: ಗೋಡೆಗೆ ಇನ್ನೂ ದೂರವಿರುವ ಎರಡು ಚುಕ್ಕೆಗಳ ಬಳಿಗೆ ಬಂದಾಗ ಯಾರು ಮುಂದಿದ್ದಾರೆಂದು ನೋಡಿ ತೀರ್ಪುಗಾರ ಅಲ್ಲಿಯೇ ನಿರ್ಣಯಿಸುತ್ತಾನೆ. ಗೋಡೆಯತ್ತಣ ಓಟ ನಿಂತಿತು. ಆಟದ ಸ್ವಾರಸ್ಯ ಕೆಟ್ಟಿತೆಂದು ಯಾರೂ ಅತ್ತದ್ದನ್ನು ನಾವು ಕೇಳಿಲ್ಲ.

ಈ ನಡುವೆ ಸತ್ತವರ ಮೆದುಳುಗಳು ಮಾತನಾಡತೊಡಗಿದವು. ತಲೆಗೆ ಮೇಲಿಂದ ಮೇಲೆ ಪೆಟ್ಟು ತಿಂದವರಲ್ಲಿ, ವರ್ಷಗಳ ಮೇಲೆ ಮೆದುಳು ಕ್ರಮೇಣ ಕ್ಷಯಿಸುವ ಸಿ.ಟಿ.ಇ. ಎಂಬ ವ್ಯಾಧಿ ಕಾಣಿಸಿಕೊಳ್ಳುತ್ತದೆ. ಇದನ್ನು ಖಚಿತಪಡಿಸುವುದು ಮರಣಾನಂತರದ ಪರೀಕ್ಷೆಯಿಂದ ಮಾತ್ರ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಮಾಜಿ ಆಟಗಾರ ರೆಜಿ ಫ್ಲೆಮಿಂಗನ ಮೆದುಳಿನಲ್ಲಿ ಇದನ್ನು ಕಂಡರು. 2011ರಲ್ಲಿ 28ನೆಯ ವಯಸ್ಸಿಗೇ ತೀರಿಕೊಂಡ ಡೆರೆಕ್ ಬೂಗಾರ್ಡನಲ್ಲಿ, 2015ರಲ್ಲಿ 35ನೆಯ ವಯಸ್ಸಿಗೆ ತೀರಿಕೊಂಡ ಸ್ಟೀವ್ ಮೊಂಟಡಾರನಲ್ಲಿ ಕೂಡ ಇದೇ ಕಂಡುಬಂದಿತು. ಡ್ರೈಡನ್ನರ ಗ್ರಂಥ ಈ ಮೊಂಟಡಾರನ ಜೀವನವನ್ನೇ ಕುರಿತದ್ದು. ಮಾಜಿ ಆಟಗಾರರು ಲೀಗಿನ ಮೇಲೆ ದಾವೆ ಹೂಡಿದರು. 2018ರ ನವೆಂಬರಿನಲ್ಲಿ 318 ಜನರಿಗೆ ಒಟ್ಟು ಸುಮಾರು 1.9 ಕೋಟಿ ಡಾಲರು ಕೊಡುವ ರಾಜಿಯಾಯಿತು. ಲೀಗು ತನ್ನ ತಪ್ಪನ್ನು ಒಪ್ಪಲಿಲ್ಲ. ಆಟದ ಪೆಟ್ಟಿಗೂ ಈ ವ್ಯಾಧಿಗೂ ಸಂಬಂಧ ಸಿದ್ಧವಾಗಿಲ್ಲವೆಂಬುದು ಅದರ ಮುಖ್ಯಾಧಿಕಾರಿ ಗ್ಯಾರಿ ಬೆಟ್‌ಮನ್ನರು ಆಡುತ್ತ ಬಂದ ಮಾತು.

ವೃತ್ತಿಪರರು ದೊಡ್ಡವರು, ಸಂಬಳ ಪಡೆದು ಆಡುವವರು, ಅಪಾಯವನ್ನು ತಿಳಿದು ಒಪ್ಪಿದವರು ಎನ್ನಬಹುದು. ಮಕ್ಕಳ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಕೆನಡಾದಲ್ಲಿ ಒಂದು ಕಾಲಕ್ಕೆ ಆಲ್ಬರ್ಟಾ ಪ್ರಾಂತದ 11-12 ವರ್ಷದ ಹುಡುಗರಿಗೆ ಢಿಕ್ಕಿ ಸಮ್ಮತವಾಗಿತ್ತು, ಕ್ವಿಬೆಕ್ ಪ್ರಾಂತದಲ್ಲಿ ಅದೇ ವಯಸ್ಸಿನವರಿಗೆ ನಿಷಿದ್ಧವಾಗಿತ್ತು. ದೇಶ ಒಂದೇ, ಆಟ ಒಂದೇ, ನಿಯಮ ಎರಡು. ವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ? ಕ್ಯಾಲ್ಗರಿ ವಿಶ್ವವಿದ್ಯಾಲಯದವರು ಎರಡೂ ಕಡೆ ಎರಡು ಸಾವಿರಕ್ಕೂ ಹೆಚ್ಚು ಹುಡುಗರನ್ನು ಒಂದು ಹಂಗಾಮು ಗಮನಿಸಿ 2010ರಲ್ಲಿ ಪ್ರಕಟಿಸಿದ ಫಲ ಇದು: ಢಿಕ್ಕಿ ಇರುವಲ್ಲಿ ಮೆದುಳಿನ ಆಘಾತದ ಸಂಭವ ಮೂರು ಪಟ್ಟಿಗೂ ಹೆಚ್ಚು. ಮರುವರ್ಷ ಅಮೆರಿಕವೂ 2013ರಲ್ಲಿ ಇಡೀ ಕೆನಡಾವೂ ಆ ವಯಸ್ಸಿನವರಿಗೆ ಢಿಕ್ಕಿಯನ್ನು ನಿಷೇಧಿಸಿದವು. ಹೆಂಗಸರ ಅಂತರರಾಷ್ಟ್ರೀಯ ಆಟದಲ್ಲಿ ಢಿಕ್ಕಿಗೆ ಬಹುಕಾಲದಿಂದ ಅವಕಾಶವಿಲ್ಲ. ವಿಚಿತ್ರವೆಂದರೆ 2024ರ ಜನವರಿಯಲ್ಲಿ ಆರಂಭವಾದ ಉತ್ತರ ಅಮೆರಿಕದ ಹೆಂಗಸರ ವೃತ್ತಿಪರ ಲೀಗು, ಮಿತವಾಗಿಯಾದರೂ, ಅದಕ್ಕೆ ಬಾಗಿಲು ತೆರೆಯಿತು. ನಮ್ಮ ದೇಶದ ಲಡಾಖಿನಲ್ಲಿ, ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಡಿ ಬೆಳೆದ ಹುಡುಗಿಯರನ್ನೇ ಬಹುವಾಗಿ ಹೊಂದಿದ ಭಾರತದ ಮಹಿಳಾ ತಂಡ 2025ರಲ್ಲಿ ಏಷ್ಯಾ ಕಪ್ಪಿನ ಕಂಚಿನ ಪದಕವನ್ನು ಗೆದ್ದಿತು. ಅವರು ಆಡಿದ್ದು ಅಂತರರಾಷ್ಟ್ರೀಯ ನಿಯಮದಂತೆ.

ತಲೆಯ ಮಾತು ಹೀಗಾಯಿತು. ಇನ್ನು ಕತ್ತಿನದು ಉಳಿದಿದೆ. ಜಾರುಬೂಟಿನ ಅಡಿಯಲ್ಲಿರುವುದು ಹರಿತವಾದ ಉಕ್ಕಿನ ಅಲಗು. 1989ರ ಮಾರ್ಚಿನಲ್ಲಿ ಬಫಲೋ ತಂಡದ ಗೋಲಿ ಕ್ಲಿಂಟ್ ಮಲಾರ್ಚುಕನ ಕತ್ತಿನ ರಕ್ತನಾಳ ಇಂಥ ಅಲಗಿನಿಂದ ತುಂಡಾಯಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ್ದ ತಂಡದ ಸಹಾಯಕನು ಬೆರಳಿನಿಂದ ನಾಳವನ್ನು ಅದುಮಿ ಹಿಡಿದದ್ದರಿಂದ ಅವನು ಬದುಕಿದ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಾಟಿಂಗ್‌ಹ್ಯಾಮ್ ತಂಡದ ಆಡಮ್ ಜಾನ್ಸನ್ ಅಂಥ ಅದೃಷ್ಟವಿಲ್ಲದೆ ತೀರಿಕೊಂಡ. ಕೆಲವೇ ವಾರಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ತನ್ನ ಪಂದ್ಯಗಳಲ್ಲಿ ಕತ್ತಿನ ಕವಚವನ್ನು ಕಡ್ಡಾಯ ಮಾಡಲು ನಿಶ್ಚಯಿಸಿತು. ಇಂಗ್ಲೆಂಡಿನ ಲೀಗು 2024ರ ಜನವರಿ 1ರಿಂದ ಕಡ್ಡಾಯ ಮಾಡಿತು. ನ್ಯಾಷನಲ್ ಹಾಕಿ ಲೀಗು ಮತ್ತು ಆಟಗಾರರ ಸಂಘ 2025ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಅದು ಸೇರಿತು: 2026-27ರ ಹಂಗಾಮಿನಿಂದ, ಅಲ್ಲಿಯವರೆಗೆ ಲೀಗಿನಲ್ಲಿ ಒಂದೂ ಪಂದ್ಯವನ್ನಾಡದ ಹೊಸಬರು ಕತ್ತಿನ ಕವಚ ಧರಿಸತಕ್ಕದ್ದು. ಹಳಬರಿಗೆ ಅದು ಅವರವರ ಇಷ್ಟ. 1979ರ ಶಿರಸ್ತ್ರಾಣದ ನಿಯಮಕ್ಕೂ ಇದೇ ಒಕ್ಕಣೆಯಿತ್ತು. ಕೊನೆಯ ಬರಿದಲೆ ಅಂಗಣದಿಂದ ಮರೆಯಾಗಲು ಹದಿನೆಂಟು ವರ್ಷ ಹಿಡಿದಿತ್ತು.